ಸೂರಿನ ಕೆಳಗಣ ನೆಳಲು: ಕರಾವಳಿಯ ಗೃಹರಚನೆಯೂ ಜಪಾನೀ ವಾಸ್ತುಕಲೆಯೂ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಂತಹ ಬಯಲುಸೀಮೆಯ ಊರಿನಲ್ಲಿ ಬೆಳೆದವನ ಕಣ್ಣಿಗೆ ಮನೆಯೆಂದರೆ ತೊಟ್ಟಿಮನೆ. ಬೀದಿಗೆ ದಪ್ಪ ಗೋಡೆಯನ್ನೊಡ್ಡಿ, ನಡುವಣ ತೊಟ್ಟಿಯಿಂದ ಬೆಳಕನ್ನು ಬರಮಾಡಿಕೊಳ್ಳುವ ಅಂತರ್ಮುಖ ರಚನೆ ಅದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಕಾಣುವ ಈ ನೆಲಕ್ಕೆ ಅದು ಯುಕ್ತವೇ. ಆದರೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ದಕ್ಷಿಣ ಕನ್ನಡ, ಉಡುಪಿಗಳ ಕಡಲತಡಿಯಲ್ಲಿ ಗೋಡೆಗಿಂತ ಮೊದಲು ಮಾಡನ್ನು ಕುರಿತು ಚಿಂತಿಸಬೇಕಾಗುವುದು.

ಜಪಾನಿನ ಸಾಂಪ್ರದಾಯಿಕ ಗೃಹವೂ ಈ ಅರ್ಥದಲ್ಲಿ ಮಾಡಿನ ಸೃಷ್ಟಿಯೇ. ಭಾರವನ್ನು ಮರದ ಕಂಬಗಳು ಹೊರುವುದರಿಂದ ಗೋಡೆಯು ಸರಿಯುವ ತೆರೆಯಾಗಿ ಹಗುರಾಗುವುದು. ಕೋಣೆಗೂ ಉದ್ಯಾನಕ್ಕೂ ನಡುವೆ, ಚಾಚಿದ ಸೂರಿನ ಕೆಳಗೆ, 'ಎಂಗಾವ' ಎಂಬ ಹಲಗೆಯ ಮೊಗಸಾಲೆ ಹಬ್ಬುವುದು. ಮನೆಯನ್ನು ಬೇಸಗೆಯನ್ನು ಲಕ್ಷಿಸಿ ಕಟ್ಟಬೇಕೆಂದು 14ನೆಯ ಶತಮಾನದ ಭಿಕ್ಷು ಕೆಂಕೋ ಬರೆದಿಟ್ಟನು. 17ನೆಯ ಶತಮಾನದಲ್ಲಿ ಕ್ಯೋಟೋದ ಕತ್ಸೂರ ವಿಹಾರಮಂದಿರವು ಈ ಪದ್ಧತಿಯ ಪರಿಪಾಕವನ್ನು ತೋರಿತು.

ನಮ್ಮ ಕರಾವಳಿಯ ಜಗಲಿ, ಚಾವಡಿಗಳು ಎಂಗಾವದ ಸಹೋದರರಂತಿವೆ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ಕಂಡು ವಾಸ್ತುಕಲೆಯ ಇತಿಹಾಸಕಾರ ಫರ್ಗುಸನ್ ನೇಪಾಳವನ್ನು ನೆನೆದನು; ಆದರೆ ದೂರದ ದೇಶಗಳಲ್ಲಿ ಒಂದೇ ಆಕಾರವು ಹುಟ್ಟುವುದಕ್ಕೆ ಮಳೆಯೇ ಸಾಕಷ್ಟು ಕಾರಣವೆಂದು ನನ್ನ ಅಭಿಮತ.

ಆದುದರಿಂದ ಇಂದು ಕಡಲ ಬದಿಯಲ್ಲಿ ಮನೆ ಕಟ್ಟುವವನು ಜಪಾನಿನಿಂದ ಸ್ವೀಕರಿಸಬೇಕಾದುದು ತತ್ತ್ವವನ್ನೇ ಹೊರತು ವೇಷವನ್ನಲ್ಲ. ಕಾಗದದ ಬಾಗಿಲು ನಮ್ಮ ಆಷಾಢದಲ್ಲಿ ಬೂಷ್ಟು ಹಿಡಿಯುವುದು. ಆ ಸ್ಥಾನಕ್ಕೆ ಮರದ ಜಾಲಂಧ್ರವೇ ಯೋಗ್ಯ. ಉಪ್ಪುಗಾಳಿಯ ಲವಣಾಂಶವು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣವನ್ನು ಮುಟ್ಟಿತೆಂದರೆ, ತುಕ್ಕು ಉಬ್ಬಿ ಹೊರಪದರವನ್ನೇ ಸಿಡಿಸುವುದಾದ್ದರಿಂದ, ಮೊಳೆಯನ್ನು ಆದಷ್ಟು ತೊರೆದು ಮರಕ್ಕೆ ಮರವನ್ನೇ ಬೆಸೆಯುವ ಜಪಾನೀ ಬಡಗಿಯ ಕೌಶಲವು ಇಲ್ಲಿ ಅನುಕರಣೀಯ. ಅವರು ಹಲಗೆಯ ಮೈಯನ್ನು ಸುಟ್ಟು ಕಾಪಾಡುವರು. ನಮ್ಮವರು ಗೇರೆಣ್ಣೆ ಬಳಿದು ಗೆದ್ದಲನ್ನು ದೂರವಿಡುವರು. ತಳಕ್ಕೆ ಮುರಕಲ್ಲು, ಮೇಲೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ರೂಢಿಗೆ ತಂದ ಹೆಂಚು: ಇವುಗಳಿಗೆ ಬದಲಿಯನ್ನು ಕಡಲಾಚೆ ಅರಸಬೇಕಾಗಿಲ್ಲ.

ನಕ್ಷೆಯಲ್ಲಿ ಮೊದಲು ಬರೆಯಬೇಕಾದುದು ಸೂರಿನ ಹನಿ ನೆಲಕ್ಕೆ ಬೀಳುವ ಗೆರೆ. ಆ ಗೆರೆಯಿಂದ ಒಳಕ್ಕೆ, ಬಾಗಿಲಿನಿಂದ ಹೊರಕ್ಕೆ, ಮಳೆಗೆ ಸಿಕ್ಕಿದ ದಾರಿಹೋಕನೂ ಕೇಳದೆ ಕುಳಿತುಕೊಳ್ಳುವಷ್ಟು ಜಗಲಿಯನ್ನು ಉಳಿಸಿದ ಮೇಲೆಯೇ ಕೋಣೆಗಳ ಎಣಿಕೆ ಆರಂಭವಾಗತಕ್ಕದ್ದು.