ಉನ್ಮತ್ತರ ವ್ಯವಹಾರವಿಚಾರವೂ ಬಳ್ಳಿಗಾವೆಯ ಶಾಸನವೂ

ಶಿಕಾರಿಪುರ, ಸೊರಬ ತಾಲ್ಲೂಕುಗಳ ನೆಲವು ಪೂರ್ವದಲ್ಲಿ ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿದ್ದಿತು. ಬಳ್ಳಿಗಾವೆಯು ಅದರ ರಾಜಧಾನಿ. ಈ ನಾಡು ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿದ್ದಾಗಲೇ ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಆದುದರಿಂದ ಇಲ್ಲಿಯ ಧರ್ಮಾಧಿಕರಣಗಳಲ್ಲಿ ಉನ್ಮತ್ತನ ವ್ಯಾಜ್ಯವು ಹೇಗೆ ವಿಚಾರಿಸಲ್ಪಡತಕ್ಕುದೆಂಬುದಕ್ಕೆ ಆ ಗ್ರಂಥವೇ ಸಮೀಪದ ಪ್ರಮಾಣವು.

ಉನ್ಮತ್ತನು ನಡೆಸಿದ ವ್ಯವಹಾರವು ಸಿದ್ಧಿಸದೆಂದೂ, ಅವನು ಸಾಕ್ಷಿಯಾಗಲಾರನೆಂದೂ, ದಾಯದಲ್ಲಿ ಅವನಿಗೆ ಅಂಶವಿಲ್ಲ, ಪೋಷಣೆ ಮಾತ್ರವುಂಟೆಂದೂ ಸ್ಮೃತಿಯ ವಿಧಿ. ಇಷ್ಟನ್ನೇ ಓದಿ ಪ್ರಾಚೀನ ನ್ಯಾಯವನ್ನು ನಿರ್ದಯವೆಂದು ಜರೆಯುವವರುಂಟು. ಅದು ವ್ಯಾಖ್ಯಾನವನ್ನು ನೋಡದೆ ಆಡಿದ ಮಾತು. ಉನ್ಮಾದವು ವಾತ, ಪಿತ್ತ, ಶ್ಲೇಷ್ಮ, ಸನ್ನಿಪಾತ, ಗ್ರಹಾವೇಶಗಳಿಂದ ಐದು ಬಗೆಯಾಗುವುದೆಂದು ವಿಜ್ಞಾನೇಶ್ವರನು ವೈದ್ಯರ ಪರಿಭಾಷೆಯಲ್ಲಿಯೇ ವಿವರಿಸುತ್ತಾನೆ. ಹಿತಾಹಿತಗಳನ್ನು ನಿಶ್ಚಯಿಸಲಾರದ ಜಡನನ್ನು ಬೇರೆಯಾಗಿ ಎಣಿಸುತ್ತಾನೆ. ಮುಖ್ಯವಾದುದು ಮುಂದಿನದು. ವಿಭಾಗಕ್ಕೆ ಮೊದಲೇ ಇದ್ದ ದೋಷವು ಮಾತ್ರ ಪಾಲನ್ನು ತಪ್ಪಿಸುವುದು. ವಿಭಾಗವಾದ ಮೇಲೆ ಹುಚ್ಚು ಹಿಡಿದವನ ಸೊತ್ತನ್ನು ಸೋದರರು ಕಸಿದುಕೊಳ್ಳುವಂತಿಲ್ಲ. ವಿಭಾಗಾನಂತರ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಪಾಲು ಬರಲೇಬೇಕು. ದೋಷರಹಿತರಾದ ಅವನ ಮಕ್ಕಳಂತೂ ಅಂಶಕ್ಕೆ ಅರ್ಹರೇ ಸರಿ.

ಕಳಚುರ್ಯ ಬಿಜ್ಜಳನ ಕಾಲದ, 1162ರ ಬಳ್ಳಿಗಾವೆಯ ಶಾಸನವೊಂದು ಅಲ್ಲಿಯ ಕೋಡಿಯಮಠವನ್ನು ವರ್ಣಿಸುತ್ತದೆ. ರೈಸ್ ಸಾಹೇಬರು ಇದನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿರುವರು. ವ್ಯಾಕರಣ, ದರ್ಶನ, ಧರ್ಮಶಾಸ್ತ್ರಗಳ ವ್ಯಾಖ್ಯಾನವೂ ದೀನರಾದ ರೋಗಿಗಳ ಚಿಕಿತ್ಸೆಯೂ ಆ ಒಂದೇ ಸ್ಥಾನದಲ್ಲಿ ನಡೆಯುತ್ತಿದ್ದುವು. ನ್ಯಾಯಾಧಿಕಾರಿಗಳು ಉನ್ಮತ್ತರನ್ನು ಅಲ್ಲಿಗೆ ಪರೀಕ್ಷೆಗೆ ಕಳುಹುತ್ತಿದ್ದರೆಂದು ಸಾಧಿಸಲು ಇಷ್ಟು ಸಾಲದು. ಅಂತಹ ಉತ್ಸಾಹವು ಶಾಸನವಿಮರ್ಶೆಗೆ ಸಲ್ಲದು. ಆದರೆ ಔಷಧದಿಂದ ದೋಷ ನೀಗಿದರೆ ಎಂಬ ಮಿತಾಕ್ಷರೆಯ ನಿಬಂಧನೆಯು ಈ ನಾಡಿನಲ್ಲಿ ಬರಿಯ ಓಲೆಯ ಮಾತಾಗಿರಲಿಲ್ಲವೆನ್ನಬಹುದು.

ಬ್ರಿಟಿಷ್ ಇಂಡಿಯದಲ್ಲಿ 1928ರ ಕಾನೂನು ಈ ಅನರ್ಹತೆಯನ್ನು ಹುಟ್ಟಿನಿಂದಲೇ ಉನ್ಮತ್ತರೂ ಜಡರೂ ಆದವರಿಗೆ ಸೀಮಿತಗೊಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣವು ಯಾವ ರೋಗವೂ ವಾರಸಿಕೆಗೆ ಬಾಧಕವಲ್ಲವೆಂದಿತು. ಪಾಲಿನ ಪ್ರಶ್ನೆ ತೀರಿದರೂ ಪರೀಕ್ಷೆಯ ಪ್ರಶ್ನೆ ಉಳಿಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 105ನೆಯ ಪ್ರಕರಣದಂತೆ, ಒಬ್ಬನ ಮನೋರೋಗಕ್ಕೆ ಸಾಕ್ಷ್ಯವನ್ನು ಒಡ್ಡಿದಾಗ ಪ್ರತಿಪಕ್ಷದವರು ಆಕ್ಷೇಪಿಸಿದರೆ ನ್ಯಾಯಾಲಯವು ಅದನ್ನು ಪುನರ್ವಿಮರ್ಶಾ ಮಂಡಲಿಗೆ ಒಪ್ಪಿಸಬೇಕು; ಮಂಡಲಿಯು ತಾನೇ ಆಗಲಿ ತಜ್ಞರ ಸಮಿತಿಯ ಮೂಲಕವಾಗಲಿ ಆ ವ್ಯಕ್ತಿಯನ್ನು ಪರೀಕ್ಷಿಸಿ ನ್ಯಾಯಾಲಯಕ್ಕೆ ಅಭಿಪ್ರಾಯವನ್ನು ಸಲ್ಲಿಸತಕ್ಕುದು.