ಅರವತ್ತು ಹೆಸರು, ಒಂದು ಖಾಲಿ ಕಾಲಂ



ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಬರೀತಿದ್ದೀನಿ. ನಗಬೇಡಿ. ಸಭೆ, ಧರಣಿ, ಮನವಿ ಪತ್ರ ಅಂತ ಓಡಾಡೋನು, ಅದೂ ನಲವತ್ತು ದಾಟಿದ ಗುಮಾಸ್ತ, ಗೇಮ್ ಆಡ್ಕೊಂಡು ಕೂತಿದ್ದಾನಾ ಅಂತ ಕೇಳಬಹುದು. ಹೌದು, ಆಡಿದೆ. ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ. "ಮಾಮ, ಇದ್ರಲ್ಲಿ ಗುಂಡು ಹೊಡೆಯೋದಿಲ್ಲ, ರಿಜಿಸ್ಟರ್ ತುಂಬೋದು. ನಿಮ್ ಆಫೀಸ್ ಕೆಲಸಾನೇ" ಅಂದ. ಮೂರು ವಾರ ರಾತ್ರಿ ಊಟ ಆದಮೇಲೆ ನನಗೆ ಅದೇ ಕೆಲಸ ಆಯ್ತು. ಯಾಕೆ ಹೀಗೆ ಹಿಡ್ಕೊಂತು ಅಂತ ಯೋಚಿಸ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕಥೆ ಇರೋ, ಒಗಟು ಬಿಡಿಸ್ತಾ ಮುಂದೆ ಹೋಗೋ ಇಂಥ ಆಟಗಳಿಗೆ ಐವತ್ತು ವರ್ಷದ ಇತಿಹಾಸ ಇದೆ. 1976ರ ಸುಮಾರಿಗೆ ಅಮೆರಿಕದಲ್ಲಿ ವಿಲ್ ಕ್ರೌದರ್ ಅನ್ನೋ ಕಂಪ್ಯೂಟರ್ ಎಂಜಿನಿಯರ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೋಸ್ಕರ 'ಅಡ್ವೆಂಚರ್' ಅಂತ ಒಂದು ಆಟ ಬರೆದ. ಚಿತ್ರ ಇಲ್ಲ, ಬರೀ ಅಕ್ಷರ. ನೀವೊಂದು ಗುಹೆಯೊಳಗಿದ್ದೀರಿ, ಯಾವ ಕಡೆ ಹೋಗ್ತೀರಿ ಅಂತ ಕೇಳುತ್ತೆ, ನೀವು ಟೈಪ್ ಮಾಡಬೇಕು. 1977ರಲ್ಲಿ ಡಾನ್ ವುಡ್ಸ್ ಅದನ್ನ ಬೆಳೆಸಿದ. ಮುಂದೆ 1993ರಲ್ಲಿ 'ಮಿಸ್ಟ್' ಬಂತು, ಲಕ್ಷಾಂತರ ಜನ ಆಡಿದರು. ಎಲ್ಲದರ ಬೇರು ಆ ಗುಹೆಯಲ್ಲೇ ಇದೆ.

ಆ ಗುಹೆ ಕಲ್ಪನೆಯದ್ದಲ್ಲ. ಕ್ರೌದರ್ ಸ್ವತಃ ಗುಹೆಗಳಲ್ಲಿ ತೆವಳಿ ಅಳತೆ ಮಾಡ್ತಿದ್ದವನು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗಳ ಜಾಲದ ಒಂದು ಭಾಗವನ್ನೇ ಆಟಕ್ಕೆ ತಂದ. ಆ ಮ್ಯಾಮತ್ ಗುಹೆಯ ಒಳಗನ್ನ ಲೋಕಕ್ಕೆ ತೋರಿಸಿದ್ದು ಯಾರು ಗೊತ್ತಾ? ಸ್ಟೀಫನ್ ಬಿಷಪ್. ಒಬ್ಬ ಗುಲಾಮ. 1838ರಲ್ಲಿ ಅವನ ಮಾಲೀಕ ಅವನನ್ನ ಅಲ್ಲಿ ಗೈಡ್ ಕೆಲಸಕ್ಕೆ ಹಚ್ಚಿದ. ಬಿಳಿಯರು 'ತಳವಿಲ್ಲದ ಗುಂಡಿ' ಅಂತ ಹೆದರಿ ನಿಂತ ಜಾಗವನ್ನ ದಾಟಿದ. 1842ರಲ್ಲಿ ನೆನಪಿನಿಂದಲೇ ನಕ್ಷೆ ಬರೆದ. ಅದು ಅವನ ಹೆಸರಿನ ಜೊತೆಗೇ ಅಚ್ಚಾಯ್ತು, ಗುಲಾಮನಿಗೆ ಅಂಥ ಮನ್ನಣೆ ಅಪರೂಪ. ಆದ್ರೆ ಅವನಿಗೆ ಬಿಡುಗಡೆ ಸಿಕ್ಕಿದ್ದು 1856ರಲ್ಲಿ, ಸತ್ತಿದ್ದು ಮಾರನೇ ವರ್ಷ. ಸಮಾಧಿಗೆ ಎಷ್ಟೋ ವರ್ಷ ಕಲ್ಲೂ ಇರಲಿಲ್ಲ. ಆಮೇಲೆ ಒಬ್ಬ ಶ್ರೀಮಂತ ಕಲ್ಲು ಹಾಕಿಸಿದ, ಅದರಲ್ಲಿ ಸತ್ತ ವರ್ಷ ತಪ್ಪಾಗಿ ಕೆತ್ತಿದ್ದಾರೆ. ದಾಖಲೆ ತಿದ್ದೋ ಕೆಲಸದವನಿಗೆ ಇದು ಬಹಳ ಚುಚ್ಚುತ್ತೆ.

ಈಗ ನಾನು ಆಡಿದ ಆಟಕ್ಕೆ ಬರ್ತೀನಿ. 'ರಿಟರ್ನ್ ಆಫ್ ದಿ ಒಬ್ರಾ ಡಿನ್', 2018ರದ್ದು. ಲೂಕಸ್ ಪೋಪ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಮಾಡಿದ್ದು. ಕಥೆ ನಡೆಯೋದು 1807ರಲ್ಲಿ. ಕಾಣೆಯಾಗಿದ್ದ ಒಂದು ಹಡಗು ಐದು ವರ್ಷದ ಮೇಲೆ ಇಂಗ್ಲೆಂಡಿನ ಫಾಲ್ಮೌತ್ ಬಂದರಿಗೆ ತಾನಾಗೇ ತೇಲಿ ಬರುತ್ತೆ. ಒಳಗೆ ಜೀವಂತ ಒಬ್ಬರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ವಿಮಾ ಇನ್ಸ್‌ಪೆಕ್ಟರ್. ನಿಮ್ಮ ಕೈಯಲ್ಲಿ ಒಂದು ಪುಸ್ತಕ, ಒಂದು ಮಾಯದ ಗಡಿಯಾರ. ಹೆಣದ ಹತ್ತಿರ ಗಡಿಯಾರ ತೆಗೆದರೆ ಆ ವ್ಯಕ್ತಿಯ ಕಡೇ ಮಾತುಗಳು ಕೇಳಿಸುತ್ತೆ, ಸತ್ತ ಕ್ಷಣ ಕಲ್ಲಿನ ಹಾಗೆ ಕಣ್ಣೆದುರು ನಿಲ್ಲುತ್ತೆ.

ಹಡಗಿನಲ್ಲಿದ್ದದ್ದು 60 ಜನ. ಪ್ರತಿಯೊಬ್ಬರಿಗೂ ಪುಸ್ತಕದಲ್ಲಿ ತುಂಬಬೇಕಾದ ಕಾಲಂ ಇವೆ. ಇವರು ಯಾರು? ಏನಾದರು? ಕೊಂದಿದ್ದರೆ, ಕೊಂದವರು ಯಾರು? ಮೂವರ ವಿವರ ಪೂರ್ತಿ ಸರಿಯಾದಾಗ ಮಾತ್ರ ಪುಸ್ತಕ ಅದನ್ನ ಒಪ್ಪಿ ಅಚ್ಚು ಮಾಡಿಕೊಳ್ಳುತ್ತೆ. ಹಾಗಾಗಿ ಬಾಯಿಗೆ ಬಂದದ್ದು ಬರೆದು ದಾಟೋದು ಕಷ್ಟ.

ಇಂಥ ಆಟದ ಸೆಳೆತ ಇಲ್ಲೇ ಇರೋದು. ಸಿನಿಮಾದಲ್ಲಿ ಕಥೆ ಯಾರೋ ಹೇಳ್ತಾರೆ, ನಾವು ಕೇಳ್ತೀವಿ. ಇಲ್ಲಿ ಯಾರೂ ಹೇಳಲ್ಲ. ಚೂರು ಚೂರಾಗಿ ಬಿದ್ದಿರೋದನ್ನ ನಾವೇ ಆಯ್ದು ಜೋಡಿಸಬೇಕು. ಜೋಡಿಸಿದ್ದು ನಿಜ ಅಂತ ಗೊತ್ತಾದಾಗ ಆ ಕಥೆ ನಮ್ಮದೇ ಆಗಿಬಿಡುತ್ತೆ.

ಆಡ್ತಾ ಆಡ್ತಾ ಇನ್ನೊಂದು ವಿಷಯ ಹೊಳೀತು. ಕ್ಯಾಪ್ಟನ್ ಯಾರು ಅಂತ ಕಂಡುಹಿಡಿಯೋದು ಸುಲಭ. ಎಲ್ಲರೂ "ಕ್ಯಾಪ್ಟನ್, ಕ್ಯಾಪ್ಟನ್" ಅಂತ ಕೂಗ್ತಿರ್ತಾರೆ, ಅವನಿಗೆ ಬೇರೆ ಕೋಣೆ ಇದೆ, ಒಳ್ಳೇ ಕೋಟಿದೆ. ಕೆಳಗಿಳೀತಾ ಹೋದ ಹಾಗೆ ಕಷ್ಟ. ಪಟ ಕಟ್ಟೋ ಕೂಲಿ ನಾವಿಕರು, ಅದರಲ್ಲಿ ಚೀನಾದವರು, ಭಾರತದವರು. ಅವರನ್ನ ಯಾರೂ ಹೆಸರಿಟ್ಟು ಕರೆಯಲ್ಲ. ನಾಲ್ಕು ಜನ ಚೀನೀಯರಲ್ಲಿ ಯಾರು ಯಾರು ಅಂತ ತಿಳಿಯೋಕೆ ನಾನು ಅವರು ಮಲಗೋ ಜೋಲಿಯ ನಂಬರು ನೋಡಿದೆ, ಜೋಲಿಯಿಂದ ಹೊರಗೆ ಕಾಣೋ ಕಾಲಿನ ಶೂ ನೋಡಿದೆ, ಅದೇ ಶೂ ಹಾಕಿರೋನು ಬೇರೆ ದೃಶ್ಯದಲ್ಲಿ ಎಲ್ಲಿದ್ದಾನೆ ಅಂತ ಹುಡುಕಿದೆ. ಎರಡು ರಾತ್ರಿ ಹೋಯ್ತು. ಸಿಕ್ಕಾಗ ಕಣ್ಣು ತುಂಬಿ ಬಂತು ಅಂದ್ರೆ ನಂಬ್ತೀರಾ? ಕ್ಯಾಪ್ಟನ್ನಿಗೊಂದು ಪುಟ, ಕೂಲಿಗೂ ಅಷ್ಟೇ ದೊಡ್ಡ ಪುಟ. ಅಷ್ಟೂ ಜನರ ಲೆಕ್ಕ ಸಿಗೋವರೆಗೆ ಆ ಪುಸ್ತಕ ಪೂರ್ತಿ ಆಗಲ್ಲ.

ಅದೇ ಹಡಗಲ್ಲಿ ಫಾರ್ಮೋಸಾದ, ಅಂದ್ರೆ ಈಗಿನ ತೈವಾನಿನ, ಒಬ್ಬ ಕಾವಲುಗಾರ ಇದ್ದಾನೆ. ಅವನ ಮೇಲೆ ಕೊಲೆ ಆರೋಪ ಹೊರಿಸಿ ಎಲ್ಲರೆದುರು ಗುಂಡಿಟ್ಟು ಕೊಲ್ತಾರೆ. ನಿಜವಾಗಿ ಕೊಂದವನು ಬೇರೆ, ಮೇಲಿನ ಹುದ್ದೆಯವನು. ಆ ಕಥೆ ನಮಗೆ ಹೊಸದಾ?

ಈಗ ಆಟದಿಂದ ಹೊರಗೆ ಬನ್ನಿ. 1807ರ ನಿಜವಾದ ಲೆಕ್ಕದ ಪುಸ್ತಕಗಳು ಹೇಗಿದ್ದವು?

1807ರಲ್ಲೇ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರ ನಿಷೇಧಿಸಿತು. ಅದಕ್ಕೆ 26 ವರ್ಷ ಮುಂಚೆ, 1781ರಲ್ಲಿ, ಲಿವರ್‌ಪೂಲ್ ವ್ಯಾಪಾರಿಗಳ 'ಜಾಂಗ್' ಅನ್ನೋ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನ ಜೀವಂತ ಸಮುದ್ರಕ್ಕೆ ಎಸೆದರು. ಕುಡಿಯೋ ನೀರು ಸಾಲದು ಅಂತ ನೆಪ. ಆಮೇಲೆ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ಕೋರ್ಟಿಗೆ ಬಂದದ್ದು ಆ ಹಣದ ವ್ಯಾಜ್ಯ. ಕೊಲೆ ಅಂತ ಯಾರ ಮೇಲೂ ಕೇಸು ನಡೀಲಿಲ್ಲ. ಸತ್ತವರ ಹೆಸರು ಆ ಕಾಗದಗಳಲ್ಲಿ ಇಲ್ಲ, ಸಂಖ್ಯೆ ಇದೆ, ಬೆಲೆ ಇದೆ. ನಿಜವಾದ ವಿಮಾ ಪುಸ್ತಕ ಅಂದ್ರೆ ಅದು.

ನಮ್ಮ ಕಡೆ ನೋಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್‌ನನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಮಾಡೋಕೆ ಕಳಿಸಿದ. ಅವನ ಮೂರು ಸಂಪುಟಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿದ್ದೂ 1807ರಲ್ಲೇ! ಬೆಳೆ, ನೇಗಿಲು, ಕೂಲಿ, ಜಾತಿ, ಎಲ್ಲಾ ಬರೆದಿದ್ದಾನೆ. ಹೊಲೆಯರು, ಮಾದಿಗರು ಅಂತ ನಮ್ಮ ಜನರೂ ಇದ್ದಾರೆ. ಆದ್ರೆ ನಾನು ಓದಿದ ಪುಟಗಳಲ್ಲಿ ಜಾತಿಯ ಹೆಸರು ಸಿಕ್ತು, ಮನುಷ್ಯನ ಹೆಸರು ಸಿಗಲಿಲ್ಲ.

ನಮ್ಮ ತಾತನ ಒಂದು ಹಳೇ ಕಾಗದ ಇದೆ. ಅದರಲ್ಲಿ "ಮಾರ ಬಿನ್ ಕರಿಯ" ಅಂತಷ್ಟೇ ಇದೆ. ಅದೇ ಕಾಗದದ ಮೇಲಿನ ಸಾಲಿನಲ್ಲಿ ಜಮೀನಿನ ಒಡೆಯರಿಗೆ "ಅವರು" ಇದೆ, ಗೌಡಿಕೆ ಇದೆ, ಪೂರ್ತಿ ಹೆಸರಿದೆ. ಬರೆದವನು ನನ್ನಂಥ ಒಬ್ಬ ಗುಮಾಸ್ತನೇ. ಅವನ ಕೈಗೆ ಎರಡಕ್ಷರ ಹೆಚ್ಚು ಬರೆಯೋದು ಭಾರ ಆಗ್ತಿತ್ತಾ?

ಕಡೇದಾಗಿ ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು, ಆಗಿನ ಕೋಲಾರ ಜಿಲ್ಲೆ. 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. ಯಾಕೆ ತಿರುಗಿಬೀಳ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು.

ಆಟದ ಪುಸ್ತಕ ತೆಗೆದು ಇದನ್ನ ಬರೀತಾ ಹೋಗಿ. ಯಾರು? ಏಳೂ ಜನರ ಹೆಸರು ಗೊತ್ತು. ಏನಾದರು? ಬೆಂಕಿಯಲ್ಲಿ ಸುಟ್ಟು ಸತ್ತರು, ಗೊತ್ತು. ಕೊಂದವರು ಯಾರು? ಸರ್ಕಾರಿ ದಾಖಲೆಯಲ್ಲಿ ಆ ಕಾಲಂ ಖಾಲಿ. ಆಟ ಖಾಲಿ ಕಾಲಂ ಇರೋ ಪುಸ್ತಕವನ್ನ ಮುಗೀತು ಅಂತ ಒಪ್ಪಲ್ಲ. ನಮ್ಮ ವ್ಯವಸ್ಥೆ ಫೈಲು ಮುಚ್ಚಿ ದಾರ ಕಟ್ಟಿಬಿಡುತ್ತೆ.

ಅದಕ್ಕೇ ಆ ಆಟ ನನ್ನನ್ನ ಹಿಡ್ಕೊಂಡಿದ್ದು ಅನ್ಸುತ್ತೆ. ವಿಮಾ ಇನ್ಸ್‌ಪೆಕ್ಟರ್ ಹಡಗು ಹತ್ತೋದು ಕಂಪನಿಯ ನಷ್ಟ ಲೆಕ್ಕ ಹಾಕೋಕೆ. ಕೆಳಗಿಳಿಯೋ ಹೊತ್ತಿಗೆ ಸತ್ತವರ ಪರವಾಗಿ ಲೆಕ್ಕ ಕೇಳೋನಾಗಿರ್ತಾನೆ. ಪೆನ್ನು ಅದೇ, ಪುಸ್ತಕ ಅದೇ, ಗುಮಾಸ್ತ ಮಾತ್ರ ಬದಲಾಗಿರ್ತಾನೆ.

ಒಂದು ಕೋರಿಕೆ. ನಿಮ್ಮ ತಾಲ್ಲೂಕಿನಲ್ಲಿ ದೌರ್ಜನ್ಯದಲ್ಲಿ ಸತ್ತವರು, ಮ್ಯಾನ್‌ಹೋಲಿಗೆ ಇಳಿದು ಸತ್ತವರು, ಎಲ್ಲರದ್ದೂ ಒಂದು ನೋಟ್‌ಬುಕ್ ಮಾಡಿ. ಪೂರ್ತಿ ಹೆಸರು, ಊರು, ದಿನಾಂಕ, ಹೇಗೆ ಸತ್ತರು, ಎಫ್‌ಐಆರ್ ನಂಬರು, ಕೇಸು ಎಲ್ಲಿಗೆ ಬಂತು. ಕಡೇ ಕಾಲಂ ಖಾಲಿ ಇದ್ದರೆ ಖಾಲಿ ಬಿಡಿ, ಗೆರೆ ಎಳೆದು ಮುಗಿಸಬೇಡಿ. ನಾನು ನಮ್ಮ ತಾಲ್ಲೂಕಿನದ್ದು ಶುರು ಮಾಡಿದ್ದೀನಿ. ಅಕ್ಕನ ಮಗ ಕಂಪ್ಯೂಟರಿಗೆ ಹಾಕ್ಕೊಡ್ತೀನಿ ಅಂದಿದ್ದಾನೆ.

ಜೈ ಭೀಮ್.