ಎರಡಾಣೆ ಕೂಡಿಸಿ ಕಟ್ಟಿದ ಬ್ಯಾಂಕು

ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸು, ಗೂಡಂಗಡಿಯವ, ರಿಕ್ಷಾ ಓಡಿಸುವವ ಯಾರೇ ಆಗಲಿ, ‘ಪಿಗ್ಮಿ ಕಟ್ಟುತ್ತಿದ್ದೇನೆ’ ಎಂದರೆ ಕರ್ನಾಟಕದಲ್ಲಿ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದಿನದ ದುಡಿಮೆಯಲ್ಲಿ ಒಂದಿಷ್ಟನ್ನು ಬಾಗಿಲಿಗೆ ಬಂದವನ ಕೈಯಲ್ಲಿಟ್ಟು ಲೆಕ್ಕಕ್ಕೆ ಬರೆಸಿಕೊಳ್ಳುವ ಉಳಿತಾಯ ಅದು. ಕುಳ್ಳ ಎಂಬ ಅರ್ಥದ ಇಂಗ್ಲಿಷ್ ಪದವೊಂದು ಹೀಗೆ ಕನ್ನಡದ್ದೇ ಆಗಿ ಹೋಗಿದೆ. ಅದಕ್ಕೆ ಈ ಅರ್ಥ ಬಂದದ್ದು 1928ರಲ್ಲಿ, ಉಡುಪಿಯಲ್ಲಿ.

ಅಂದಿನ ಉಡುಪಿ ಮದ್ರಾಸ್ ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಾಧಾರಣ ಪೇಟೆ. ಸುತ್ತಲಿನ ಊರುಗಳಲ್ಲಿ ಕೈಮಗ್ಗವೇ ಜೀವನಾಧಾರವಾಗಿದ್ದ ಕುಟುಂಬಗಳು ಸಾಕಷ್ಟಿದ್ದವು. 1920ರ ದಶಕದಲ್ಲಿ ಈ ನೇಕಾರರ ಸ್ಥಿತಿ ಹದಗೆಟ್ಟಿತ್ತು. ಗಿರಣಿ ಬಟ್ಟೆಯ ಪೈಪೋಟಿ ಒಂದು ಕಾರಣ. ಬಂಡವಾಳವಿಲ್ಲದ್ದು ಅದಕ್ಕಿಂತ ದೊಡ್ಡ ಕಾರಣ. ನೂಲನ್ನು ಸಾಲವಾಗಿ ತರಬೇಕು, ನೇಯ್ದ ಬಟ್ಟೆಯನ್ನು ನೂಲು ಕೊಟ್ಟವನಿಗೇ ಅವನು ಹೇಳಿದ ಬೆಲೆಗೆ ಒಪ್ಪಿಸಬೇಕು. ಕೈಯಲ್ಲಿ ನಾಲ್ಕು ಕಾಸಿದ್ದರೆ ನೂಲನ್ನು ನಗದಿಗೆ ಕೊಂಡು, ಬಟ್ಟೆಯನ್ನು ಬೇಕಾದವರಿಗೆ ಮಾರಬಹುದು. ಆ ನಾಲ್ಕು ಕಾಸು ಎಲ್ಲಿಂದ ಬರಬೇಕು?

ಉತ್ತರ ಹುಡುಕಲು ಹೊರಟವರು ಮೂವರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಅವರ ತಮ್ಮ, ವೈದ್ಯ ಡಾ. ಟಿ.ಎಂ.ಎ. ಪೈ, ಇಂಜಿನಿಯರ್ ವಾಮನ ಕುಡ್ವ. 1925ರಲ್ಲಿ ಅವರು ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಉದ್ದ ಹೆಸರಿನ ಸಂಸ್ಥೆಯನ್ನು 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದರು. ಹೆಸರಿನಲ್ಲಿ ‘ಇಂಡಸ್ಟ್ರಿಯಲ್’ ಮೊದಲು, ‘ಬ್ಯಾಂಕಿಂಗ್’ ಆಮೇಲೆ ಎಂಬುದನ್ನು ಗಮನಿಸಬೇಕು. ಊರಿನ ಕಸುಬು ಬದುಕಲಿ ಎಂಬುದು ಗುರಿ, ಬ್ಯಾಂಕು ಅದಕ್ಕೊಂದು ಉಪಾಯ.

ಈ ಜಿಲ್ಲೆಗೆ ಬ್ಯಾಂಕು ಆಗ ಹೊಸದೇನಲ್ಲ. ಸ್ವದೇಶಿ ಚಳವಳಿಯ ಬಿಸಿಯಿದ್ದ 1906ರ ಮಾರ್ಚಿಯಲ್ಲೇ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಹುಟ್ಟಿತ್ತು. ಜಾತಿಮತಗಳ ಭೇದವಿಲ್ಲದೆ ಎಲ್ಲರಲ್ಲೂ ಮಿತವ್ಯಯದ ರೂಢಿ ಬೆಳೆಸುವುದು ಅದರ ಸ್ಥಾಪಕರ ಆಶಯವಾಗಿತ್ತು. ಮೊದಲ ದಿನದ ಕೊನೆಗೆ ಅದರ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ! ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಮುಂದೆ ಕೆನರಾ ಬ್ಯಾಂಕ್ ಆದದ್ದು ಅದೇ. ಕೆಲವೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ, ಮದ್ರಾಸಿನ ಪ್ರತಿಷ್ಠಿತ ಬ್ರಿಟಿಷ್ ಸಂಸ್ಥೆ ಅರ್ಬತ್‌ನಾಟ್ ದಿವಾಳಿಯೆದ್ದು ಸಾವಿರಾರು ಜನರ ಠೇವಣಿ ಮುಳುಗಿತು. ದೂರದ ದೊರೆಗಳ ಕಂಪೆನಿಗಿಂತ ಪರಿಚಯದವರ ಪುಟ್ಟ ಸಂಸ್ಥೆ ವಾಸಿ ಎಂದು ಜನರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಪರಿಚಯಕ್ಕೂ ಒಂದು ಎಲ್ಲೆಯಿತ್ತು. ಇಂಥ ಸಂಸ್ಥೆಗಳ ಪಾಲು ಬಂಡವಾಳ ಬರುತ್ತಿದ್ದುದು ಹೆಚ್ಚಾಗಿ ಸ್ಥಾಪಕರ ಬಂಧುಬಳಗದಿಂದ, ಅವರ ಜಾತಿಯ ಅನುಕೂಲಸ್ಥರಿಂದ. ಇಂತಿಂಥವರ ಬ್ಯಾಂಕು ಎಂದು ಜನ ಗುರುತಿಸುತ್ತಿದ್ದುದೂ ಸುಳ್ಳಲ್ಲ. ಮಗ್ಗದ ಗುಂಡಿಯಲ್ಲಿ ಕೂತವನಿಗೆ ಅವುಗಳ ಮೆಟ್ಟಿಲು ಹತ್ತುವ ಧೈರ್ಯ ಎಲ್ಲಿಯದು?

1928ರ ಪಿಗ್ಮಿ ಯೋಜನೆ ಈ ಮೆಟ್ಟಿಲನ್ನೇ ತೆಗೆದುಹಾಕಿತು. ಗ್ರಾಹಕ ಬ್ಯಾಂಕಿಗೆ ಬರಬೇಕಾಗಿಲ್ಲ, ಬ್ಯಾಂಕಿನವನೇ ಅವನ ಮನೆಗೆ ಹೋಗುತ್ತಾನೆ. ದಿನಕ್ಕೆ ಎರಡಾಣೆಯಾದರೂ ಸಾಕು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಬಚ್ಚಿಡುವುದು, ದೇವರಿಗೆಂದು ಮುಡಿಪು ಕಟ್ಟುವುದು, ಚೀಟಿ ಹಾಕುವುದು ಜನರಿಗೆ ಮೊದಲೇ ಗೊತ್ತಿತ್ತು. ಡಬ್ಬಿಯ ದುಡ್ಡು ಬೆಳೆಯುವುದಿಲ್ಲ, ಅಗತ್ಯ ಬಿದ್ದ ದಿನ ಮನೆಯವರೇ ತೆಗೆದುಬಿಡುತ್ತಾರೆ. ಚೀಟಿಯಲ್ಲಿ ನಡೆಸುವವನು ಓಡಿಹೋಗುವ ಭಯ. ಪಿಗ್ಮಿಯಲ್ಲಿ ಹಣ ಬಡ್ಡಿ ತರುತ್ತಿತ್ತು, ಹಿಂದೆ ಒಂದು ನೋಂದಾಯಿತ ಸಂಸ್ಥೆ ನಿಂತಿತ್ತು.

ಲೆಕ್ಕ ಹಾಕಿ ನೋಡಿದರೆ ಇದರ ಬಲ ತಿಳಿಯುತ್ತದೆ. ಹದಿನಾರಾಣೆಗೆ ಒಂದು ರೂಪಾಯಿಯಾಗಿದ್ದ ಕಾಲ ಅದು. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಹೀಗೆ ಕಟ್ಟುವವರು 175 ಮಂದಿ ಸಿಕ್ಕರೆ ಸಾಕು, ಒಂದೇ ವರ್ಷದಲ್ಲಿ ಬ್ಯಾಂಕಿನ ಮೂಲ ಬಂಡವಾಳದಷ್ಟು ಹಣ ಕೂಡಿಬೀಳುತ್ತಿತ್ತು. ಸಾಹುಕಾರರ ಹತ್ತಿರ ಕೈಚಾಚದೆ, ಸಾಲ ಬೇಕಾದವರ ನಡುವಿನಿಂದಲೇ ಸಾಲಕ್ಕೆ ಹಣ ಹೊಂದಿಸುವ ದಾರಿ ಇದು.

ಹೇಳಿದಷ್ಟು ಸುಲಭದ ಕೆಲಸವೇನೂ ಅಲ್ಲ. ಎರಡಾಣೆ ತರಲು ಒಬ್ಬ ಮನುಷ್ಯ ಮನೆ ಮನೆ ಅಲೆಯಬೇಕು, ಬರೆದುಕೊಡಬೇಕು, ಸಂಜೆಯೊಳಗೆ ಲೆಕ್ಕ ಒಪ್ಪಿಸಬೇಕು. ಕರಾವಳಿಯ ಮಳೆಗಾಲದಲ್ಲಿ ತೋಡು ದಾಟಿ, ಗದ್ದೆಯ ಅಂಚಿನಲ್ಲಿ ನಡೆದು ಹೋಗಬೇಕು. ಅವನಿಗೆ ಸಂಬಳ ಕೊಟ್ಟರೆ ಎರಡಾಣೆಯಲ್ಲಿ ಉಳಿಯುವುದೇನು? ಅದಕ್ಕಾಗಿಯೇ ಏಜೆಂಟನಿಗೆ ಸಿಕ್ಕಿದ್ದು ಸಂಬಳವಲ್ಲ, ಕಮಿಷನ್. ಅವನು ಸಾಮಾನ್ಯವಾಗಿ ಅದೇ ಊರಿನವನು. ಜನ ನಂಬಿದ್ದು ಬ್ಯಾಂಕಿನ ಬೋರ್ಡನ್ನಲ್ಲ, ಅವನ ಮುಖವನ್ನು. ಇಡೀ ಯೋಜನೆ ನಿಂತದ್ದು ಅವನ ಕಾಲಬಲದ ಮೇಲೆ ಎಂದರೆ ತಪ್ಪಾಗಲಾರದು.

ಬ್ಯಾಂಕು ಅದೇ 1928ರಲ್ಲಿ ಬ್ರಹ್ಮಾವರದಲ್ಲಿ ತನ್ನ ಮೊದಲ ಶಾಖೆ ತೆರೆಯಿತು. ಆಮೇಲಿನ ಬೆಳವಣಿಗೆ ಬಹುಮಂದಿಗೆ ಗೊತ್ತಿರುವಂಥದೇ. ಉದ್ದ ಹೆಸರು ಕಳಚಿ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು, ಕೇಂದ್ರ ಕಚೇರಿ ಮಣಿಪಾಲದ ಗುಡ್ಡವೇರಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಇದ್ದವು. 1980ರಲ್ಲಿ ಕಾರ್ಪೊರೇಶನ್ ಬ್ಯಾಂಕು ಮತ್ತು ಎ.ಬಿ. ಶೆಟ್ಟಿಯವರು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು ಸೇರಿಕೊಂಡವು. ಒಂದೇ ಜಿಲ್ಲೆಯ ನಾಲ್ಕು ಸಂಸ್ಥೆಗಳು ದೇಶದ ಸೊತ್ತಾದವು. ದೇಶದ ಮೊದಲ ಗ್ರಾಮೀಣ ಬ್ಯಾಂಕುಗಳಲ್ಲಿ ಒಂದಾದ ‘ಪ್ರಥಮಾ’ವನ್ನು 1975ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ನೆಲೆಗೊಳಿಸಿದ್ದು ಇದೇ ಸಿಂಡಿಕೇಟ್ ಬ್ಯಾಂಕು. ಉಡುಪಿಯ ಓಣಿಗಳಲ್ಲಿ ಕಲಿತದ್ದು ಗಂಗೆಯ ಬಯಲಿನವರೆಗೂ ಹೋಯಿತು ಎನ್ನಲಡ್ಡಿಯಿಲ್ಲ.

ಅಲೆದಾಡಿದವನ ಗತಿ? ಬ್ಯಾಂಕು ಸರ್ಕಾರದ್ದಾಗಿ ಗುಮಾಸ್ತರಿಗೆ ವೇತನ ಶ್ರೇಣಿ, ಪಿಂಚಣಿ ಎಲ್ಲ ಬಂದರೂ ಠೇವಣಿ ಸಂಗ್ರಾಹಕ ಮಾತ್ರ ಕಮಿಷನ್ನಿನ ಮೇಲೆಯೇ ಉಳಿದ. ಅವನು ನೌಕರನೇ ಅಲ್ಲ ಎಂಬುದು ಬ್ಯಾಂಕುಗಳ ವಾದ. ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, 1988ರಲ್ಲಿ ಸಂಗ್ರಾಹಕರ ಪರ ತೀರ್ಪು ಬಂತು. ಬ್ಯಾಂಕುಗಳು ಮೇಲ್ಮನವಿ ಸಲ್ಲಿಸುತ್ತ ಹೋದವು. ಕೊನೆಗೆ 2001ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಇವರು ಕಾರ್ಮಿಕರೇ, ಇವರು ಪಡೆಯುವ ಕಮಿಷನ್ನೂ ವೇತನವೇ ಎಂದು ಹೇಳಿತು. ಆದರೆ ಖಾಯಂ ನೌಕರರ ಸಾಲಿಗೆ ಸೇರಿಸಬೇಕೆಂದು ಹೇಳಲಿಲ್ಲ. 1928ರಲ್ಲಿ ಎರಡಾಣೆಯ ಲೆಕ್ಕ ಸರಿದೂಗಲು ಮಾಡಿಕೊಂಡ ಏರ್ಪಾಡಿನ ಭಾರವನ್ನು ಮುಕ್ಕಾಲು ಶತಮಾನ ಹೊತ್ತವನು ಅವನು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಕರಗಿದವು. ಹೆಸರುಗಳಿಗಾಗಿ ಕರಾವಳಿಯ ಜನ ಮರುಗಿದರು, ಪ್ರತಿಭಟನೆಗಳೂ ನಡೆದವು. ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸಂಘಗಳಲ್ಲಿ ಉಳಿದುಕೊಂಡಿದೆ. ಏಜೆಂಟನ ಕೈಯಲ್ಲೀಗ ಚೀಟಿ ಮುದ್ರಿಸುವ ಪುಟ್ಟ ಯಂತ್ರವಿದೆ. ಸಂಜೆ ಅಂಗಡಿ ಸಾಲಿನಲ್ಲಿ ಅವನನ್ನು ಕಂಡರೆ ಗಲ್ಲದ ಮೇಲೆ ಕೂತವರು ಮಾತು ನಿಲ್ಲಿಸದೆಯೇ ಡ್ರಾಯರಿಗೆ ಕೈಹಾಕುತ್ತಾರೆ.